ಸೂರ್ಯಕಾಂತಿ ಪತಂಗ: ಗುರುತು ಮತ್ತು ಪಾಠ

ನಾವು ಬೆಳೆಯುವ ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಆ ತವರಿನಲ್ಲಿ ಈ ಬೆಳೆಯನ್ನು ಕಾಡುವ ಒಂದು ಚಿಕ್ಕ ಪತಂಗವುಂಟು. ಅದರ ಶಾಸ್ತ್ರೀಯ ಹೆಸರು ಹೋಮಿಯೊಸೋಮ ಎಲೆಕ್ಟೆಲ್ಲಮ್. ಅಲ್ಲಿನ ರೈತರು ಅದನ್ನು ಸೂರ್ಯಕಾಂತಿ ಪತಂಗವೆಂದೇ ಕರೆಯುತ್ತಾರೆ. ಅದನ್ನು ಸಕಾಲದಲ್ಲಿ ಗುರುತಿಸದಿದ್ದರೆ ಔಷಧಿಯ ಖರ್ಚು ವ್ಯರ್ಥ.

ಪತಂಗದ ಗುರುತು: ರೆಕ್ಕೆ ಬಿಚ್ಚಿದಾಗ ಸುಮಾರು 2 ಸೆಂ.ಮೀ. ಅಗಲ, ಬಣ್ಣ ಹೊಳೆಯುವ ಬೂದು. ಮುಂದಿನ ರೆಕ್ಕೆಯ ನಡುವೆ ಒಂದು ಸಣ್ಣ ಕಪ್ಪು ಚುಕ್ಕೆ, ಅಂಚಿನ ಬಳಿ ಇನ್ನೆರಡು ಮೂರು ಚುಕ್ಕೆಗಳಿರುತ್ತವೆ. ಹಿಂದಿನ ರೆಕ್ಕೆಯಲ್ಲಿ ಗುರುತುಗಳಿಲ್ಲ. ಕುಳಿತಾಗ ರೆಕ್ಕೆಗಳನ್ನು ಮೈಗೆ ಬಿಗಿಯಾಗಿ ಸುತ್ತಿಕೊಳ್ಳುವುದರಿಂದ ತುಂಡು ಬೀಡಿಯಂತೆ ಕಾಣುತ್ತದೆ. ಮುಸ್ಸಂಜೆಯ ನಂತರ ಹೂವಿನ ಮೇಲೆ ಓಡಾಡುವುದರಿಂದ ಟಾರ್ಚ್ ಹಿಡಿದು ಹುಡುಕಬೇಕು.

ಬಾಧೆಯ ಬಗೆ: ಹೆಣ್ಣು ಪತಂಗವು ಆಗತಾನೆ ಅರಳಿದ ತೆನೆಯ ಕಿರುಹೂಗಳಲ್ಲಿ ಮೊಟ್ಟೆಯಿಡುತ್ತದೆ. 2-3 ದಿನಗಳಲ್ಲಿ ಮರಿಹುಳುಗಳು ಹೊರಬರುತ್ತವೆ. ಮೊದಲು ಪರಾಗವನ್ನೂ ಕಿರುಹೂಗಳನ್ನೂ ತಿಂದು, ಬೆಳೆದಂತೆ ಕಾಳಿನೊಳಗೆ ಕೊರೆಯುತ್ತವೆ. ಬಲಿತ ಹುಳುವಿನ ಕಂದು ಮೈಮೇಲೆ ಉದ್ದಕ್ಕೂ ಕಪ್ಪು-ಬಿಳುಪು ಪಟ್ಟೆಗಳಿದ್ದು, ಉದ್ದ ಸುಮಾರು 2 ಸೆಂ.ಮೀ. ತೆನೆಯ ಮೇಲೆ ಬಲೆ, ಹಿಕ್ಕೆ ಕಂಡುಬರುತ್ತವೆ. ಗಾಯದ ಮೂಲಕ ರೈಜೋಪಸ್ ಶಿಲೀಂಧ್ರ ಹೊಕ್ಕು ತೆನೆ ಕೊಳೆಯುವುದೂ ಉಂಟು.

ಹತೋಟಿ: ಹುಳು ಕಾಳು ಹೊಕ್ಕ ಮೇಲೆ ಔಷಧಿ ಅದಕ್ಕೆ ತಗಲುವುದಿಲ್ಲ. ಆದ್ದರಿಂದ ಹೂ ಬಿಡಲು ಆರಂಭವಾದಾಗ 5 ಗಿಡಗಳಿಗೆ 1-2 ಪತಂಗಗಳು ಕಂಡರೆ ಅಲ್ಲಿ ಕ್ರಮ ಕೈಗೊಳ್ಳುತ್ತಾರೆ. ಕಾಳಿನ ಸಿಪ್ಪೆಯೊಳಗೆ ಫೈಟೋಮೆಲನಿನ್ ಎಂಬ ಗಟ್ಟಿ ಕಪ್ಪು ಪದರವಿರುವ ತಳಿಗಳನ್ನು ಕೊರೆಯುವುದು ಹುಳುವಿಗೆ ಕಷ್ಟ.

ನಮಗೆ ಪಾಠ: ಕರ್ನಾಟಕದಲ್ಲಿ ತೆನೆ ಕೊರೆಯುವ ಹುಳು ಸಾಮಾನ್ಯವಾಗಿ ಬೇರೆಯದು, ಹೆಲಿಕೋವರ್ಪ. ಅದರ ಪತಂಗ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು, ಬಣ್ಣ ಕಂದು. ಕೀಟ ಬೇರೆಯಾದರೂ ಪಾಠ ಒಂದೇ. ಹೂವು ಅರಳುವ ದಿನಗಳೇ ಜೇನ್ನೊಣಗಳು ಬರುವ ದಿನಗಳೂ ಹೌದು. ಅವು ಬಾರದಿದ್ದರೆ ಜೊಳ್ಳು ಕಾಳು ಹೆಚ್ಚುತ್ತದೆ. ಹುಳುವನ್ನು ಕೊಲ್ಲಲು ಹೋಗಿ ಜೇನನ್ನು ಕೊಂದರೆ ನಷ್ಟ ಇಮ್ಮಡಿ. ಆದ್ದರಿಂದ ರೈತ ಬಾಂಧವರು ಮೊದಲು ತೆನೆ ಪರೀಕ್ಷಿಸಿ, ಕೀಟವನ್ನು ಗುರುತಿಸಬೇಕು. ಸಂಶಯವಿದ್ದರೆ ಹುಳುವನ್ನು ಸೀಸೆಯಲ್ಲಿ ಹಾಕಿ ಹತ್ತಿರದ ಕೃಷಿ ಅಧಿಕಾರಿಗೆ ತೋರಿಸಿರಿ. ಸಿಂಪಡಣೆ ಅನಿವಾರ್ಯವಾದರೆ ಜೇನ್ನೊಣಗಳು ಗೂಡು ಸೇರಿದ ನಂತರ, ಸಂಜೆ ಕೈಗೊಳ್ಳಿರಿ.