ನಾಡನ್ನು ತಬ್ಬಿದ ಬಳ್ಳಿ

ಬಳ್ಳಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅಂಗಳದ ಮಲ್ಲಿಗೆ ಚಪ್ಪರ, ಹಿತ್ತಿಲಿನ ಅವರೆ ಹಂದರ, ತೋಟದಲ್ಲಿ ಅಡಕೆಮರವನ್ನು ಆಶ್ರಯಿಸಿದ ವೀಳ್ಯದ ಬಳ್ಳಿ. ತಾನಾಗಿ ನಿಲ್ಲಲಾರದೆ ಮತ್ತೊಂದರ ಆಸರೆಯನ್ನು ಬಯಸುವ ಬಳ್ಳಿಯನ್ನು ನಮ್ಮ ಕವಿಗಳು ಕೋಮಲತೆಯ ಪ್ರತೀಕವೆಂದು ಬಣ್ಣಿಸಿದ್ದಾರೆ. ಆದರೆ ಆಸರೆಯಿತ್ತ ಮರವನ್ನೇ ಕೊಲ್ಲುವ ಬಳ್ಳಿಗಳೂ ಉಂಟು. ತಾಯ್ನೆಲವನ್ನು ಬಿಟ್ಟು ಪರದೇಶವನ್ನು ಸೇರಿ, ಅಲ್ಲಿ ಬಹುಕಾಲದಿಂದ ಬೇರೂರಿರುವ ಇಂತಹ ಬಳ್ಳಿಗಳನ್ನು ಹತೋಟಿಗೆ ತರುವುದು ಅನೇಕ ದೇಶಗಳ ರೈತರಿಗೂ ಅರಣ್ಯಪಾಲಕರಿಗೂ ದೊಡ್ಡ ಸಮಸ್ಯೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕುಡ್ಜು ಬಳ್ಳಿಯ ಕಥೆ ಇದಕ್ಕೊಂದು ನಿದರ್ಶನ.

ಕುಡ್ಜುವಿನ ತವರು ಪೂರ್ವ ಏಷ್ಯ. ಅದು ನಮ್ಮ ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಸಸ್ಯ. ಜಪಾನಿನ ಜನರು ಅದರ ಬೇರಿನಿಂದ ಹಿಟ್ಟನ್ನು ತೆಗೆದು ತಿನಿಸುಗಳನ್ನು ಮಾಡುತ್ತಾರೆ; ಕಾಂಡದ ನಾರಿನಿಂದ ಬಟ್ಟೆಯನ್ನು ನೇಯುತ್ತಾರೆ. ೧೮೭೬ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ಒಂದು ಭಾರಿ ವಸ್ತುಪ್ರದರ್ಶನ ನಡೆಯಿತು. ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದ ಸಂಭ್ರಮವದು. ಜಪಾನೀಯರು ಅಲ್ಲಿ ಈ ಬಳ್ಳಿಯನ್ನು ಪ್ರದರ್ಶಿಸಿದರು. ಅದರ ಅಗಲವಾದ ಎಲೆ, ನೇರಳೆ ಬಣ್ಣದ ಪರಿಮಳದ ಹೂಗಳನ್ನು ಕಂಡು ಜನ ಮೆಚ್ಚಿದರು; ನೆರಳಿಗಾಗಿ ಮನೆಯ ಜಗಲಿಗಳಿಗೆ ಹಬ್ಬಿಸಿದರು.

ಆಗ ದಕ್ಷಿಣದ ರಾಜ್ಯಗಳಲ್ಲಿ ಹತ್ತಿಯೇ ಮುಖ್ಯ ಬೆಳೆ. ವರ್ಷವರ್ಷವೂ ಹತ್ತಿಯನ್ನೇ ಬೆಳೆದುದರಿಂದ ನೆಲ ಸತ್ತ್ವಹೀನವಾಯಿತು. ಮಳೆಗೆ ಮಣ್ಣು ಕೊಚ್ಚಿಹೋಗಿ, ಹೊಲಗಳಲ್ಲಿ ಆಳವಾದ ಕೊರಕಲುಗಳು ಬಿದ್ದವು. ೧೯೩೫ರಲ್ಲಿ ಸ್ಥಾಪಿತವಾದ ಅಲ್ಲಿನ ಮಣ್ಣು ಸಂರಕ್ಷಣಾ ಇಲಾಖೆಗೆ ಕುಡ್ಜು ವರದಾನವಾಗಿ ತೋರಿತು. ಅದು ಬೇಗನೆ ಹಬ್ಬಿ ನೆಲವನ್ನು ಹೊದಿಸುತ್ತದೆ, ದನಕರುಗಳಿಗೆ ಮೇವಾಗುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಇಲಾಖೆಯು ಏಳು ಕೋಟಿಗೂ ಹೆಚ್ಚು ಸಸಿಗಳನ್ನು ಬೆಳೆಸಿತು. ನೆಟ್ಟ ರೈತರಿಗೆ ಎಕರೆಗೆ ಎಂಟು ಡಾಲರುಗಳವರೆಗೆ ಸಹಾಯಧನವನ್ನೂ ನೀಡಿತು. ಜಾರ್ಜಿಯ ರಾಜ್ಯದ ಚಾನಿಂಗ್ ಕೋಪ್ ಎಂಬ ಪತ್ರಕರ್ತರು ಇದರ ಪ್ರಚಾರಕ್ಕಾಗಿ ಒಂದು ಸಂಘವನ್ನೇ ಕಟ್ಟಿದರು. ಇವರಾರೂ ನಾಡಿಗೆ ಕೇಡನ್ನು ಬಯಸಿದವರಲ್ಲ. ಸವೆದುಹೋಗುತ್ತಿದ್ದ ಮಣ್ಣನ್ನು ಉಳಿಸಬೇಕೆಂಬುದೇ ಅವರ ಉದ್ದೇಶವಾಗಿತ್ತು.

ಆದರೆ ಕಾಲ ಬದಲಾಯಿತು. ಅನೇಕ ರೈತರು ಹೊಲಗಳನ್ನು ತೊರೆದು ಪಟ್ಟಣ ಸೇರಿದರು. ಮೇಯುವ ದನಗಳಿಲ್ಲದೆ, ಕತ್ತರಿಸುವ ಕೈಗಳಿಲ್ಲದೆ ಬಳ್ಳಿ ಎಲ್ಲೆ ಮೀರಿತು. ಬೇಸಗೆಯಲ್ಲಿ ಕುಡ್ಜು ಒಂದೇ ದಿನಕ್ಕೆ ೩೦ ಸೆಂಟಿಮೀಟರಿನಷ್ಟು ಬೆಳೆಯಬಲ್ಲದು. ಒಂದು ಋತುವಿನಲ್ಲಿ ೧೮ ಮೀಟರು ಹಬ್ಬಬಲ್ಲದು. ಅದು ಮರವನ್ನೇರಿ, ನೆತ್ತಿಯ ಮೇಲೆ ಎಲೆಗಳ ಕಂಬಳಿಯನ್ನು ಹೊದಿಸುತ್ತದೆ. ಬಿಸಿಲು ಕಾಣದ ಮರ ಆಹಾರವನ್ನು ತಯಾರಿಸಲಾರದೆ ಸೊರಗಿ ಸಾಯುತ್ತದೆ. ಕೆಲವೊಮ್ಮೆ ಬಳ್ಳಿಯ ಭಾರಕ್ಕೇ ಕೊಂಬೆಗಳು ಮುರಿದುಬೀಳುತ್ತವೆ. ಕೊನೆಗೆ ೧೯೫೩ರಲ್ಲಿ ಸರ್ಕಾರವು ಶಿಫಾರಸು ಮಾಡುವ ಸಸ್ಯಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ೧೯೭೦ರಲ್ಲಿ ಕಳೆಯೆಂದು ಸಾರಿತು. ಬಹುಮಾನ ಕೊಟ್ಟು ನೆಡಿಸಿದ ಬಳ್ಳಿಯನ್ನು ಹಣ ಕೊಟ್ಟು ಕೀಳಿಸಬೇಕಾದ ಕಾಲ ಬಂದಿತು.

ಹಾಗಾದರೆ ಅದನ್ನು ಕತ್ತರಿಸಿಹಾಕಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ನಮ್ಮ ಕಣ್ಣಿಗೆ ಕಾಣುವ ಬಳ್ಳಿ ಕುಡ್ಜುವಿನ ಅರ್ಧಭಾಗ ಮಾತ್ರ. ಅದರ ಗಡ್ಡೆಬೇರು ಮೀಟರುಗಟ್ಟಲೆ ಆಳಕ್ಕಿಳಿದು, ಪಿಷ್ಟವನ್ನು ತುಂಬಿಕೊಂಡಿರುತ್ತದೆ. ಹಳೆಯ ಬೇರು ಮನುಷ್ಯನ ತೂಕವನ್ನೂ ಮೀರಬಹುದು. ಮೇಲಿನ ಬಳ್ಳಿಯನ್ನು ಕಡಿದೊಡನೆ ಬೇರು ತನ್ನ ಸಂಗ್ರಹದಿಂದ ಹೊಸ ಚಿಗುರನ್ನು ಕಳುಹಿಸುತ್ತದೆ. ಅಲ್ಲದೆ ನೆಲದಲ್ಲಿ ಹರಿಯುವ ಕಾಂಡದ ಗಿಣ್ಣುಗಳು ಬೇರು ಬಿಟ್ಟು, ಒಂದೊಂದೂ ಹೊಸ ಗಿಡವಾಗುತ್ತದೆ.

ಆದುದರಿಂದ ಈ ಬಳ್ಳಿಯನ್ನು ಗೆಲ್ಲಲು ಅದರ ಜೀವ ಎಲ್ಲಿದೆ ಎಂಬುದನ್ನು ಅರಿಯಬೇಕು. ಬೇರು ಮತ್ತು ಕಾಂಡ ಕೂಡುವೆಡೆಯಲ್ಲಿ, ನೆಲದ ಮಟ್ಟದಲ್ಲಿ, ಒಂದು ಗಂಟು ಇರುತ್ತದೆ. ಚಿಗುರುಗಳೆಲ್ಲ ಹೊರಡುವುದು ಆ ಗಂಟಿನಿಂದಲೇ. ಅದನ್ನು ಅಗೆದು ಸಂಪೂರ್ಣವಾಗಿ ತೆಗೆದರೆ ಕೆಳಗುಳಿದ ಬೇರು ಮತ್ತೆ ಚಿಗುರದೆ ಕೊಳೆಯುತ್ತದೆ. ಸಣ್ಣ ಹರವಿಗೆ ಗುದ್ದಲಿ, ಗರಗಸಗಳೇ ಸಾಕು. ಹರವು ದೊಡ್ಡದಾದರೆ ಮೇಯಿಸುವುದು, ಮತ್ತೆಮತ್ತೆ ಕತ್ತರಿಸುವುದು, ಎಚ್ಚರಿಕೆಯಿಂದ ಕಳೆನಾಶಕವನ್ನು ಬಳಸುವುದು ಇವೇ ಉಪಾಯಗಳು. ಟೆನೆಸಿ ರಾಜ್ಯದ ಚಾಟನೂಗ ನಗರದವರು ೨೦೦೬ರಲ್ಲಿ ಗುಡ್ಡದ ಇಳಿಜಾರಿನ ಕುಡ್ಜುವನ್ನು ಮೇಯಲು ಆಡುಗಳನ್ನು ಬಿಟ್ಟರು. ಚಿಗುರಿದಾಗಲೆಲ್ಲ ಮೇಯಿಸಿದರೆ ಬೇರಿನ ಸಂಗ್ರಹ ಕರಗುತ್ತ ಬರುತ್ತದೆ. ಇದಕ್ಕೆ ಮೂರು ನಾಲ್ಕು ವರ್ಷಗಳಾದರೂ ಬೇಕು. ಹಳೆಯ ಬಳ್ಳಿಯಾದರೆ ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಒಂದು ವರ್ಷ ಮೈಮರೆತರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ತೆರವಾದ ನೆಲವನ್ನು ಬರಿದಾಗಿ ಬಿಡದೆ, ಅಲ್ಲಿ ಆ ನಾಡಿನವೇ ಆದ ಗಿಡಮರಗಳನ್ನು ಬೆಳೆಸುವುದೂ ಅಷ್ಟೇ ಅಗತ್ಯ.

ಇದು ದೂರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಮೈಕೇನಿಯ ಎಂಬ ಬಳ್ಳಿ ಅಸ್ಸಾಮಿನ ಚಹಾ ತೋಟಗಳನ್ನೂ ಪಶ್ಚಿಮ ಘಟ್ಟಗಳ ಕಾಡುತೋಟಗಳನ್ನೂ ಕಾಡುತ್ತಿದೆ. ಅದರ ಸ್ವಭಾವವೇ ಬೇರೆ. ಕುಡ್ಜುವಿನ ಬಲ ಬೇರಿನಲ್ಲಿದ್ದರೆ ಮೈಕೇನಿಯದ ಬಲ ಕಾಂಡದ ತುಂಡಿನಲ್ಲಿಯೂ ಗಾಳಿಯಲ್ಲಿ ತೇಲುವ ಬೀಜದಲ್ಲಿಯೂ ಇದೆ. ಕಡಿದು ಬಿಸುಟ ತುಂಡು ತೇವದ ನೆಲವನ್ನು ಮುಟ್ಟಿದರೆ ಮತ್ತೆ ಬೇರೂರುತ್ತದೆ. ಆದುದರಿಂದ ಅದನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕಿತ್ತು, ತುಂಡುಗಳನ್ನು ಆಯ್ದು ಒಣಗಿಸಬೇಕು. ಶತ್ರುವಿನ ಸ್ವಭಾವವನ್ನು ತಿಳಿಯದೆ ಬೀಸಿದ ಕತ್ತಿ ಶತ್ರುವನ್ನೇ ಬೆಳೆಸೀತು.

ಕೇರಳದ ಜನರು ಮೈಕೇನಿಯವನ್ನು ‘ಧೃತರಾಷ್ಟ್ರಪಚ್ಚೆ’ ಎಂದು ಕರೆಯುತ್ತಾರೆ. ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಧೃತರಾಷ್ಟ್ರನು ಭೀಮನನ್ನು ಅಪ್ಪಿಕೊಳ್ಳಲು ಕೈಚಾಚಿದ ಪ್ರಸಂಗವನ್ನು ನೀವು ಬಲ್ಲಿರಿ. ಅಂದು ಶ್ರೀಕೃಷ್ಣನು ಆ ಅಪ್ಪುಗೆಯ ಒಳಗನ್ನು ಮೊದಲೇ ಅರಿತು ಲೋಹದ ಪ್ರತಿಮೆಯನ್ನು ಮುಂದೊಡ್ಡಿದುದರಿಂದ ಭೀಮನು ಉಳಿದನು. ಕಾಡಿನ ಮರಗಳಿಗೆ ಅಂತಹ ಪ್ರತಿಮೆಯಿಲ್ಲ. ಅಪ್ಪುಗೆ ಬಿಗಿಯಾಗುವ ಮುನ್ನ ಅದನ್ನು ಗುರುತಿಸಿ ಬಿಡಿಸಬೇಕಾದವರು, ಬಿಡಿಸಿದ ಮೇಲೂ ವರ್ಷವರ್ಷ ಕಾಯಬೇಕಾದವರು ನಾವೇ.

ಅಭ್ಯಾಸ

೧. ಅಮೆರಿಕದ ರೈತರು ಕುಡ್ಜು ಬಳ್ಳಿಯನ್ನು ನೆಟ್ಟುದೇಕೆ?
೨. ಬಳ್ಳಿಯನ್ನು ಮೇಲಿನಿಂದ ಕತ್ತರಿಸಿದ ಮಾತ್ರಕ್ಕೆ ಕುಡ್ಜು ಏಕೆ ನಾಶವಾಗುವುದಿಲ್ಲ?
೩. ಕುಡ್ಜು ಮತ್ತು ಮೈಕೇನಿಯಗಳನ್ನು ಹತೋಟಿಗೆ ತರುವ ಕ್ರಮಗಳಲ್ಲಿರುವ ವ್ಯತ್ಯಾಸವನ್ನು ವಿವರಿಸಿ.
೪. ‘ಧೃತರಾಷ್ಟ್ರಪಚ್ಚೆ’ ಎಂಬ ಹೆಸರಿನ ಔಚಿತ್ಯವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.