ನೋಟರಿ ಮೊಹರು ಬಿದ್ದರೆ ಜಾಗ ನಮ್ಮದಾಗುತ್ತದೆಯೇ?

"ನೋಟರಿ ಮಾಡ್ಸಿ ಆಗಿದೆ, ಇನ್ನೇನು ಹೆದರಿಕೆ?" ಜಾಗದ ವ್ಯವಹಾರದ ಮಾತು ಬಂದಾಗ ನಮ್ಮ ಕಡೆ ಈ ಮಾತು ಆಗಾಗ ಕೇಳುವುದುಂಟು. ನಾನು ವಕೀಲನಲ್ಲ, ಅಡಿಕೆ ಕೃಷಿಕ. ನೆರೆಕರೆಯ ಕೆಲವು ತಕರಾರುಗಳ ಕಾಗದಪತ್ರ ನೋಡುವ ಪ್ರಸಂಗ ಬಂದ ಮೇಲೆ, ಕಾಯ್ದೆ ಓದಿ, ಬಲ್ಲವರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನೋಟರಿ ಯಾರು?

ನಮ್ಮಲ್ಲಿ ನೋಟರಿಗಳು ಕೆಲಸ ಮಾಡುವುದು 1952ರ ನೋಟರಿ ಕಾಯ್ದೆಯಂತೆ. ಅದು ಜಾರಿಗೆ ಬಂದದ್ದು 1956ರ ಫೆಬ್ರವರಿ 14ರಂದು. ನಿಯಮಗಳೂ ಅದೇ ವರ್ಷದವು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿದವರನ್ನು ಕೇಂದ್ರ ಅಥವಾ ರಾಜ್ಯ ಸರಕಾರ ನೇಮಿಸುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಮತ್ತು ಹಿಂದುಳಿದ ವರ್ಗದವರಿಗೆ ಏಳು ವರ್ಷ ಸಾಕು. ವೃತ್ತಿ ಪ್ರಮಾಣಪತ್ರದ ಅವಧಿ ಐದು ವರ್ಷ, ಆಮೇಲೆ ನವೀಕರಿಸಬೇಕು. ಇಂತಿಷ್ಟೇ ಪ್ರದೇಶದಲ್ಲಿ ಕೆಲಸ ಮಾಡಬಹುದೆಂದೂ ಅದರಲ್ಲಿ ಬರೆದಿರುತ್ತದೆ. ನೋಟರಿಯಲ್ಲದವರು ನೋಟರಿ ಎಂದು ಹೇಳಿಕೊಂಡರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು.

ಅವರ ಕೆಲಸವೇನು?

ದಸ್ತಾವೇಜಿಗೆ ಸಹಿ ಬಿದ್ದದ್ದನ್ನು ದೃಢೀಕರಿಸುವುದು, ಪ್ರಮಾಣ ಬೋಧಿಸಿ ಅಫಿಡವಿಟ್ ಮಾಡಿಸುವುದು, ಅಸಲು ನೋಡಿ ನಕಲನ್ನು ಪ್ರಮಾಣೀಕರಿಸುವುದು, ಭಾಷಾಂತರ ಸರಿ ಇದೆಯೆಂದು ದೃಢೀಕರಿಸುವುದು ಮುಖ್ಯ ಕೆಲಸಗಳು. ಹುಂಡಿ, ಪ್ರಾಮಿಸರಿ ನೋಟಿನ ಹಣ ಬಾರದಾಗ ಅದನ್ನು ದಾಖಲಿಸುವ ಹಳೇ ಕೆಲಸವೂ ಉಂಟು.

ಇವೆಲ್ಲದರ ತಿರುಳು ಒಂದೇ: "ಇಂಥವರು, ಇಂಥ ದಿನ, ನನ್ನೆದುರು ಸಹಿ ಹಾಕಿದರು." ಮೊಹರಿನ ಅರ್ಥ ಅಷ್ಟೇ. ಜಾಗ ಮಾರುವವನದ್ದೇ ಹೌದೋ, ಸಾಲ ಇದೆಯೋ, ತಂಗಿಗೆ ಪಾಲಿದೆಯೋ ಎಂಬುದಕ್ಕೆಲ್ಲ ಮೊಹರು ಜವಾಬು ಹೇಳುವುದಿಲ್ಲ.

ಪೆಟ್ಟು ಬೀಳುವುದು ಎಲ್ಲಿ?

ನನ್ನ ಪರಿಚಯದ ಕೃಷಿಕರೊಬ್ಬರು ತೋಟಕ್ಕೆ ತಾಗಿದ 40 ಸೆಂಟ್ಸ್ ಜಾಗಕ್ಕೆ ಪೂರ್ತಿ ಹಣ ಕೊಟ್ಟು ಕರಾರುಪತ್ರ ಮಾಡಿಸಿದರು. ಒಂದು ವರ್ಷದೊಳಗೆ ರಿಜಿಸ್ಟ್ರಿ ಎಂದು ಅದರಲ್ಲಿ ಬರೆದಿತ್ತು. ನೋಟರಿ ಆಯಿತು, ಸಸಿಯೂ ನೆಟ್ಟಾಯಿತು. "ಖರ್ಚು ಯಾಕೆ, ನಿಧಾನಕ್ಕೆ ಮಾಡುವ" ಅಂತ ಆರು ವರ್ಷ ಕಳೆಯಿತು. ಮಾರಿದವರು ತೀರಿಕೊಂಡರು. ಪೌತಿ ಖಾತೆಯಾಗಿ ಪಹಣಿಯಲ್ಲಿ ಮಕ್ಕಳ ಹೆಸರು ಬಂತು. "ನಮಗೇನೂ ಗೊತ್ತಿಲ್ಲ" ಅಂದರು ಮಕ್ಕಳು. ಇಲ್ಲಿ ನೋಟರಿಯವರ ತಪ್ಪು ಏನೂ ಇಲ್ಲ. ಅವರು ಮಾಡಬೇಕಾದ್ದನ್ನೇ ಮಾಡಿದ್ದರು.

ಕಾನೂನು ಹೇಳುವುದು ಹೀಗೆ:

1. ನೂರು ರೂಪಾಯಿ ಅಥವಾ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕು (1882ರ ಸ್ವತ್ತು ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ). ಕರಾರುಪತ್ರ ಬರೀ ಮಾತುಕೊಟ್ಟ ಪತ್ರ, ಅದರಿಂದ ಹಕ್ಕು ಬರುವುದಿಲ್ಲ.

2. ಕರಾರಿನಂತೆ ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹಾಕಲು ಮೂರು ವರ್ಷ ಮಾತ್ರ ಅವಧಿ. ಕರಾರಿನಲ್ಲಿ ದಿನ ಗೊತ್ತು ಮಾಡಿದ್ದರೆ ಆ ದಿನದಿಂದ, ಇಲ್ಲವಾದರೆ ಎದುರಿನವರು ಒಪ್ಪುವುದಿಲ್ಲವೆಂದು ನಮಗೆ ಗೊತ್ತಾದ ದಿನದಿಂದ ಲೆಕ್ಕ. ಮೇಲೆ ಹೇಳಿದವರಿಗೆ ತೊಡಕಾದದ್ದು ಇದೇ.

3. "ಜಾಗ ನನ್ನ ಸ್ವಾಧೀನದಲ್ಲೇ ಉಂಟಲ್ಲ" ಎಂಬ ಧೈರ್ಯವೂ ಸಾಲದು. 2001ರ ಸೆಪ್ಟೆಂಬರ್ 24ರ ನಂತರದ ಕರಾರು ನೋಂದಣಿಯಾಗದಿದ್ದರೆ, ಕರಾರಿನ ಬಲದಿಂದ ಸ್ವಾಧೀನ ಉಳಿಸಿಕೊಳ್ಳುವ ಕಾನೂನಿನ ರಕ್ಷಣೆ ಸಿಗುವುದಿಲ್ಲ.

4. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಕಡಿಮೆ ಕಾಗದದಲ್ಲಿ ಬರೆದಿದ್ದರೆ, ಕೋರ್ಟು ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವ ಮೊದಲು ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಬೇಕು. ನೋಟರಿ ಮೊಹರು ಈ ಕೊರತೆಯನ್ನು ತುಂಬುವುದಿಲ್ಲ.

ಅಧಿಕಾರಪತ್ರ (ಜಿ.ಪಿ.ಎ.) ಬರೆಸಿಕೊಂಡು ಜಾಗ "ಕೊಂಡೆ" ಅನ್ನುವವರೂ ಉಂಟು. ಇಂಥ ಪತ್ರಗಳಿಂದ ಜಾಗದ ಹಕ್ಕು ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಖಂಡಿತವಾಗಿ ಹೇಳಿದೆ.

ಪಾಲುಪತ್ರ, ಹಕ್ಕು ಬಿಡುಗಡೆ, ಉಯಿಲು

ಅಣ್ಣತಮ್ಮಂದಿರು ಪತ್ರ ಬರೆದು ಪಾಲು ಮಾಡಿಕೊಳ್ಳುವುದಾದರೆ, ತಂಗಿ ಜಾಗದ ಹಕ್ಕು ಬಿಟ್ಟುಕೊಡುವುದಾದರೆ ನೋಂದಣಿ ಬೇಕೇ ಬೇಕು. ಉಯಿಲಿನದ್ದು ಬೇರೆ ಕತೆ. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ, ನೋಟರಿಯೂ ಬೇಕಿಲ್ಲ. ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಮುಂದೆ ತಕರಾರು ಬೇಡವೆಂದಿದ್ದರೆ ಉಯಿಲನ್ನೂ ನೋಂದಾಯಿಸುವುದೇ ಒಳ್ಳೆಯದು.

ಮಗ ಗಲ್ಫಿನಲ್ಲಿದ್ದರೆ?

ತಾನು ಸಹಿ ಹಾಕಿದ ಪತ್ರವನ್ನು ಬೇರೆಯವರ ಕೈಯಲ್ಲಿ ಸಬ್ ರಿಜಿಸ್ಟ್ರಾರ್ ಎದುರು ಹಾಜರುಪಡಿಸಲು ಅಧಿಕಾರಪತ್ರ ಕೊಡುವುದಾದರೆ, ಊರಲ್ಲಿರುವವರು ಅದನ್ನು ಸಬ್ ರಿಜಿಸ್ಟ್ರಾರರ ಎದುರೇ ಮಾಡಿಸಬೇಕು. ಇಲ್ಲಿ ನೋಟರಿ ನಡೆಯುವುದಿಲ್ಲ. ಪರದೇಶದಲ್ಲಿರುವವರಿಗೆ ಮಾತ್ರ ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲರ ಎದುರು ಮಾಡಿಸುವ ಅವಕಾಶ ಉಂಟು. ಆ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಲು ಮರೆಯಬಾರದು.

ನೋಟರಿಯಲ್ಲಿಗೆ ಹೋದಾಗ

- ಸಹಿ ಹಾಕುವವರೆಲ್ಲ ಖುದ್ದು ಹೋಗಿ. "ಸಹಿ ಹಾಕಿ ಕಳ್ಸಿ, ನಾನು ಮೊಹರು ಹಾಕಿಸಿ ತರ್ತೇನೆ" ಎನ್ನುವವರ ಮಾತಿಗೆ ಒಪ್ಪಬೇಡಿ.
- ಗುರುತಿನ ಚೀಟಿ ಒಯ್ಯಿರಿ. ಪತ್ರವನ್ನು ಪೂರ್ತಿ ಓದಿ, ಓದಲಾಗದವರಿಗೆ ಓದಿ ಹೇಳಿಸಿ. ಖಾಲಿ ಜಾಗ ಬಿಡಬೇಡಿ.
- ನೋಟರಿ ಒಂದು ರಿಜಿಸ್ಟರ್ ಇಡಲೇಬೇಕು. ಕ್ರಮಸಂಖ್ಯೆ, ದಿನಾಂಕ, ಹೆಸರು-ವಿಳಾಸ, ಪತ್ರದ ವಿವರ, ಶುಲ್ಕ ಬರೆದು ಅದರಲ್ಲೂ ನಮ್ಮ ಸಹಿ ತೆಗೆದುಕೊಳ್ಳಬೇಕು. ಜಿಲ್ಲಾ ನ್ಯಾಯಾಧೀಶರು ಅದನ್ನು ತಪಾಸಣೆ ಮಾಡಬಹುದು. ನಾಳೆ "ಸಹಿ ನನ್ನದಲ್ಲ" ಎಂದು ಯಾರಾದರೂ ಹೇಳಿದರೆ ಆಧಾರ ಈ ಪುಸ್ತಕವೇ. ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.
- ಶುಲ್ಕದ ಪಟ್ಟಿ ಕಚೇರಿಯ ಒಳಗೂ ಹೊರಗೂ ಕಾಣುವಂತೆ ಇರಬೇಕು, ರಶೀದಿ ಕೊಡಬೇಕು. ಇದು ನಿಯಮ. ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ.

ನೋಟರಿಯವರೇ ತಪ್ಪು ಮಾಡಿದರೆ ನಿಗದಿತ ನಮೂನೆಯಲ್ಲಿ ಸರಕಾರಕ್ಕೆ ದೂರು ಕೊಡಬಹುದು. ವಿಚಾರಣೆಯಾಗಿ ದುರ್ನಡತೆ ಸಾಬೀತಾದರೆ ಪಟ್ಟಿಯಿಂದ ಹೆಸರು ತೆಗೆಯಲು ಅವಕಾಶ ಉಂಟು. ಆದರೆ ನೋಟರಿಯಾಗಿ ಮಾಡಿದ ಕೆಲಸದ ಮೇಲೆ ಕೋರ್ಟು ಅಪರಾಧ ಪ್ರಕರಣ ತೆಗೆದುಕೊಳ್ಳಬೇಕಾದರೆ ಸರಕಾರದಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ದೂರು ಬೇಕು. ದಾರಿ ದೂರದ್ದು. ಹಾಗಾಗಿ ಮೊದಲೇ ಜಾಗ್ರತೆ ಮಾಡುವುದು ಲೇಸು.

ಈಗ ನಿಮ್ಮ ಪೆಟ್ಟಿಗೆಯಲ್ಲಿ ಬರೀ ನೋಟರಿಯಾದ ಕರಾರುಪತ್ರ ಇದ್ದರೆ, ಇವತ್ತೇ ತೆಗೆದು ದಿನಾಂಕ ನೋಡಿ. ಮೂರು ವರ್ಷ ದಾಟದಿದ್ದರೆ, ಮಾರಿದವರು ಬದುಕಿದ್ದರೆ, ಮಳೆಗಾಲ ಕಳೆಯಲಿ ಎಂದು ಕಾಯದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಡಿ. ದಾಟಿದ್ದರೆ ವಕೀಲರನ್ನು ಕಾಣಿ.