ಅರ್ಧಕ್ಕೆ ನಿಂತ ಓದು ಎಲ್ಲಿಗೆ ಹೋಗುತ್ತೆ?

ಹೋದ ವರ್ಷ ಐದನೇ ಸೆಮಿಸ್ಟರ್ ಶುರುವಾಗಿ ಮೂರು ವಾರ ಆಗಿತ್ತಷ್ಟೇ. ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಟ್ರಂಕು ಕಟ್ಟಿಕೊಂಡು ಊರಿಗೆ ಹೊರಟ. ಅಪ್ಪನಿಗೆ ಹುಷಾರಿರಲಿಲ್ಲ, ಅಂಗಡಿ ನೋಡಿಕೊಳ್ಳೋರು ಬೇರೆ ಯಾರೂ ಇರಲಿಲ್ಲ. ನಾವೆಲ್ಲ ಬಸ್‌ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದೆವು. ‘ಆಯ್ತು, ಇವನ ಇಂಜಿನಿಯರಿಂಗ್ ಮುಗೀತು’ ಅಂತ ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆವು. ಈ ದೀಪಾವಳಿಗೆ ಅವನೇ ಫೋನ್ ಮಾಡಿ ಕೇಳಿದ: “ಎರಡು ವರ್ಷ ಓದಿದ್ದೆಲ್ಲಾ ನೀರಾಗ ಹೋದಂಗ ಆತೇನಲೇ?”

ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಹುಡುಕಿದೆವು, ಸೀನಿಯರ್‌ಗಳನ್ನು ಕೇಳಿದೆವು, ನಿಯಮಾವಳಿ ಓದಿದೆವು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕ್ರೆಡಿಟ್ ಲೆಕ್ಕ

ಪದವಿ ಅನ್ನೋದನ್ನು ನಾವು ವರ್ಷಗಳಲ್ಲಿ ಎಣಿಸುತ್ತೇವೆ. ವಿಶ್ವವಿದ್ಯಾಲಯ ಅದನ್ನು ಕ್ರೆಡಿಟ್‌ಗಳಲ್ಲಿ ಎಣಿಸುತ್ತದೆ. ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ ಇದ್ದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಮೂರು ಗಂಟೆ ಥಿಯರಿ, ಎರಡು ಗಂಟೆ ಲ್ಯಾಬ್ ಸೇರಿದ ಸಬ್ಜೆಕ್ಟಿಗೆ ನಾಲ್ಕು ಕ್ರೆಡಿಟ್ ಬರೋದು ಹೀಗೆ.

ಎಐಸಿಟಿಇ 2018ರಲ್ಲಿ ತಂದ ಮಾದರಿ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್. ಅಂದ್ರೆ ಸೆಮಿಸ್ಟರಿಗೆ ಸರಾಸರಿ 20. ನಮ್ಮ ಗೆಳೆಯ ನಾಲ್ಕು ಸೆಮಿಸ್ಟರ್ ಮುಗಿಸಿದ್ದ, ನಾಲ್ಕು ಕ್ರೆಡಿಟ್ಟಿನ ಎರಡು ಸಬ್ಜೆಕ್ಟ್ ಬ್ಯಾಕ್ ಇದ್ದವು. 80ರಲ್ಲಿ 8 ಕಳೆದರೆ 72. ಪಾಸಾದ ಸಬ್ಜೆಕ್ಟಿನ ಕ್ರೆಡಿಟ್ ಮಾತ್ರ ಲೆಕ್ಕಕ್ಕೆ ಬರುತ್ತೆ, ಆದರೆ ಬಂದದ್ದು ಅವನು ಊರಿಗೆ ಹೋದ ಮಾತ್ರಕ್ಕೆ ಅಳಿಸಿ ಹೋಗೋದಿಲ್ಲ. ಅವನಿಗೆ ಉಳಿದಿರೋದು 88. ಈ ಲೆಕ್ಕ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಕ್ರೆಡಿಟ್ಟಿಗೂ ಒಂದು ಬ್ಯಾಂಕು

2020ರ ರಾಷ್ಟ್ರೀಯ ಶಿಕ್ಷಣ ನೀತಿ ನಡುವೆ ಬಿಟ್ಟು ಹೋಗೋರಿಗೂ ಮತ್ತೆ ಬರೋರಿಗೂ ದಾರಿ ಇರಬೇಕು ಅಂದಿತು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಅನ್ನೋದು ಅದರ ಮೆಟ್ಟಿಲು. ಇದಕ್ಕಾಗಿಯೇ 2021ರ ಜುಲೈನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಶುರುವಾಯಿತು. ಡಿಜಿಲಾಕರ್ ಮೂಲಕ ಐಡಿ ಮಾಡಿಕೊಂಡರೆ ನಾವು ಗಳಿಸಿದ ಕ್ರೆಡಿಟ್‌ಗಳನ್ನು ಸಂಸ್ಥೆ ಅಲ್ಲಿಗೆ ಜಮೆ ಮಾಡುತ್ತದೆ. ಸಾಮಾನ್ಯವಾಗಿ ಏಳು ವರ್ಷದವರೆಗೆ ಅವು ಚಾಲ್ತಿಯಲ್ಲಿರುತ್ತವೆ.

ಆದರೆ ದೇಶದ ನೀತಿಯಲ್ಲಿ ಇದೆ ಅಂದ ಮಾತ್ರಕ್ಕೆ ನಮ್ಮ ಕೌಂಟರಿನಲ್ಲಿ ಸಿಗೋದಿಲ್ಲ. ನಮ್ಮ ರಾಜ್ಯವನ್ನೇ ನೋಡಿ: 2021-22ರಲ್ಲಿ ನಾಲ್ಕು ವರ್ಷದ ಪದವಿ ಕ್ರಮ ತಂದರು, 2024ರಲ್ಲಿ ಬಿಎ, ಬಿಎಸ್ಸಿ, ಬಿಕಾಂಗಳನ್ನು ಮತ್ತೆ ಮೂರು ವರ್ಷಕ್ಕೆ ತಂದು ನಿಲ್ಲಿಸಿದರು. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ನೀತಿ ಏನು ಹೇಳುತ್ತೆ’ ಅಂತಲ್ಲ, ‘ನನ್ನ ಸ್ಕೀಮು ಏನು ಹೇಳುತ್ತೆ’ ಅಂತ.

ಇನ್ನೊಂದು ಮಿತಿಯೂ ಇದೆ. ವಿಟಿಯು ನಿಯಮದಲ್ಲಿ ನಾಲ್ಕು ವರ್ಷದ ಬಿಇ ಮುಗಿಸಲು ಗರಿಷ್ಠ 8 ವರ್ಷ, ಲ್ಯಾಟರಲ್ ಎಂಟ್ರಿಯವರಿಗೆ 6 ವರ್ಷ. ಈ ಗಡಿಯಾರ ಅಡ್ಮಿಷನ್ ದಿನದಿಂದಲೇ ಓಡುತ್ತಿರುತ್ತದೆ, ನಾವು ಊರಿನಲ್ಲಿದ್ದಾಗಲೂ.

ಪಕ್ಕದ ಬಾಗಿಲು

ನಮ್ಮ ಕ್ಲಾಸಿನಲ್ಲೇ ಇರುವ ಲ್ಯಾಟರಲ್ ಎಂಟ್ರಿ ಗೆಳೆಯರನ್ನು ಮರೆಯೋದು ಬೇಡ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಆಮೇಲೆ ಕೆಇಎ ನಡೆಸುವ ಡಿಸಿಇಟಿ ಬರೆದು ನೇರ ಮೂರನೇ ಸೆಮಿಸ್ಟರಿಗೆ. ‘ಪಿಯುಸಿ ಮಾಡಿಲ್ಲ, ಸುತ್ತು ದಾರಿಯಲ್ಲಿ ಬಂದೋರು’ ಅಂತ ಆಡಿಕೊಳ್ಳೋರು ಇದ್ದಾರೆ. ಲೆಕ್ಕ ಹಾಕಿ ನೋಡಿ: ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ! ಮೇಲಾಗಿ ನಡುವೆ ನಿಂತರೂ ಅವರ ಕೈಯಲ್ಲಿ ಕೆಲಸ ಕೊಡಿಸುವ ಒಂದು ಡಿಪ್ಲೊಮಾ ಇರುತ್ತದೆ. ಕಷ್ಟ ಇರೋದು ಗಣಿತದಲ್ಲಿ. 2018ರ ಸ್ಕೀಮಿನಲ್ಲಿ ಅವರಿಗೆಂದೇ ಇದ್ದ ‘ಮ್ಯಾಟ್‌ಡಿಪ್’ ಪೇಪರುಗಳಿಗೆ ಕ್ರೆಡಿಟ್ ಸೊನ್ನೆ, ಆದರೆ ಪಾಸಾಗದೆ ಡಿಗ್ರಿ ಇಲ್ಲ. ಮೊದಲ ವರ್ಷದ ಕ್ಯಾಲ್ಕುಲಸ್ ನೋಟ್ಸ್ ಅವರಿಗೆ ಕೊಡೋದು ನಮ್ಮಿಂದ ಆಗುವ ಸಣ್ಣ ಸಹಾಯ.

ಮನೆಯಿಂದಲೇ ಓದೋದಾದರೆ

ಕೆಲಸ ಬಿಡಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, ಇಗ್ನೋ ಇದೆ. ಎರಡರಲ್ಲೂ ಬಿಎ, ಬಿಕಾಂ, ಬಿಸಿಎ ಓದಬಹುದು.

ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿಎಸ್ ಪದವಿಯ ಮೊದಲ ತಂಡ 2021ರ ಜನವರಿಯಲ್ಲಿ ಶುರುವಾಯಿತು. ಜೆಇಇ ಕಡ್ಡಾಯವಲ್ಲ. ನಾಲ್ಕು ವಾರದ ಪಾಠ ಓದಿ ಕ್ವಾಲಿಫೈಯರ್ ಪರೀಕ್ಷೆ ಪಾಸಾದರೆ ಪ್ರವೇಶ. ಪಾಠ ಆನ್‌ಲೈನ್, ಮುಖ್ಯ ಪರೀಕ್ಷೆಗಳು ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. 32 ಕ್ರೆಡಿಟ್ಟಿಗೆ ಫೌಂಡೇಶನ್ ಸರ್ಟಿಫಿಕೇಟ್, ಆಮೇಲೆ ಡಿಪ್ಲೊಮಾ, 114ಕ್ಕೆ ಬಿಎಸ್ಸಿ, 142ಕ್ಕೆ ಬಿಎಸ್. ಎಲ್ಲಿ ನಿಂತರೂ ಕೈಯಲ್ಲೊಂದು ಕಾಗದ ಇರುತ್ತದೆ. ಆದರೆ ಬಿಎಸ್ ಬೇರೆ, ಬಿಇ ಬೇರೆ. ಬಿಇ ಅಂತಲೇ ಕೇಳುವ ಹುದ್ದೆಗೆ ಅರ್ಜಿ ಹಾಕುವಾಗ ಈ ವ್ಯತ್ಯಾಸ ಎದುರಾಗುತ್ತದೆ.

2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಅವಕಾಶ ಕೊಟ್ಟಿದೆ. ಕಾಲೇಜಿನಲ್ಲಿ ಒಂದು, ದೂರಶಿಕ್ಷಣ ಅಥವಾ ಆನ್‌ಲೈನಿನಲ್ಲಿ ಇನ್ನೊಂದು ನಡೆಯುತ್ತದೆ. ಮೆಕ್ಯಾನಿಕಲ್ ಓದುತ್ತಾ ಎಕನಾಮಿಕ್ಸ್ ಆಸೆ ಇಟ್ಟುಕೊಂಡವರು ಇದನ್ನು ಗಮನಿಸಿ.

ಮೋಸ ಹೋಗುವ ಜಾಗ

‘ಮನೆಯಲ್ಲೇ ಕೂತು ಬಿಟೆಕ್’ ಅನ್ನೋ ಬೋರ್ಡು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಎಐಸಿಟಿಇ ಒಪ್ಪಿಗೆ ಇಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗಳ ವಿರುದ್ಧ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಎಷ್ಟೋ ವರ್ಷದ ಹಿಂದೆ ಪಡೆದ ಪದವಿ ಉಳಿಸಿಕೊಳ್ಳಲು ಕೆಲವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು, ಕೆಲವರ ಪದವಿಯೇ ರದ್ದಾಯಿತು. ಹಿಂದೆ ಕೆಲಸ ಮಾಡುತ್ತಾ ಎಎಂಐಇ ಬರೆದು ಇಂಜಿನಿಯರ್ ಆದವರು ಬಹಳ ಜನ. ಅದಕ್ಕೂ ಬಿಇಗೆ ಸಮಾನ ಅನ್ನುವ ಕೇಂದ್ರದ ಮಾನ್ಯತೆ ನೇರವಾಗಿ ಸಿಕ್ಕಿದ್ದು 2013ರ ಮೇ 31ರೊಳಗೆ ನೋಂದಾಯಿಸಿದವರಿಗೆ. ಮಾನ್ಯತೆಯನ್ನು ಸೇರುವ ವರ್ಷಕ್ಕೆ, ಕೋರ್ಸಿಗೆ, ಓದುವ ವಿಧಾನಕ್ಕೆ ತಾಳೆ ಹಾಕಿ ನೋಡಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಟ್ರಂಕು ಕಟ್ಟುವ ಮುಂಚೆ

ಯಾರಿಗಾದರೂ ಓದು ನಿಲ್ಲಿಸುವ ಪರಿಸ್ಥಿತಿ ಬಂದರೆ ನಾವು ಹೇಳೋದು ಇಷ್ಟು:

1. ಸುಮ್ಮನೆ ಕ್ಲಾಸಿಗೆ ಬರೋದು ಬಿಡಬೇಡಿ. ಕಾರಣ ಬರೆದು ಅರ್ಜಿ ಕೊಡಿ, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ.
2. ಅವಸರದಲ್ಲಿ ಟಿಸಿ ತಗೋಬೇಡಿ. ಮೊದಲು ಮರುಪ್ರವೇಶದ ನಿಯಮ ಕೇಳಿ.
3. ಎಲ್ಲ ಸೆಮಿಸ್ಟರಿನ ಗ್ರೇಡ್ ಕಾರ್ಡ್ ತಗೊಳ್ಳಿ. ಕ್ರೆಡಿಟ್ ಬ್ಯಾಂಕಿನಲ್ಲಿ ಜಮೆ ಆಗಿದೆಯಾ ನೋಡಿ.
4. ವಾಪಸ್ ಬರುವಾಗ ಸ್ಕೀಮು ಬದಲಾಗಿದ್ದರೆ ಯಾವ ಸಬ್ಜೆಕ್ಟ್ ಹೆಚ್ಚಿಗೆ ಬರೆಯಬೇಕು ಅಂತ ವಿಚಾರಿಸಿ.
5. ಗರಿಷ್ಠ ಅವಧಿಯ ಕೊನೇ ವರ್ಷವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ನಮ್ಮ ಗೆಳೆಯ ಇನ್ನೂ ಅಂಗಡಿಯಲ್ಲೇ ಇದ್ದಾನೆ. ಅಪ್ಪ ಈಗ ಎದ್ದು ಓಡಾಡುತ್ತಿದ್ದಾರಂತೆ. ಮರುಪ್ರವೇಶದ ಅರ್ಜಿ ತರಿಸಿಕೊಂಡಿದ್ದಾನೆ, ಬ್ಯಾಕ್ ಇರುವ ಎರಡು ಸಬ್ಜೆಕ್ಟಿನ ನೋಟ್ಸ್ ಕಳಿಸಿ ಅಂದಿದ್ದಾನೆ. ಬರ್ತಾನೋ ಇಲ್ಲವೋ, ಅದು ಅವನ ಮನೆಯ ಲೆಕ್ಕ. ಆದರೆ ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ‘ಮುಗೀತು’ ಅಂದುಕೊಂಡೆವಲ್ಲ, ಆ ತಪ್ಪು ನಮ್ಮದು. ಮುಂದಿನ ಸಲ ಯಾರನ್ನಾದರೂ ಬಸ್ ಹತ್ತಿಸಲು ಹೋದರೆ, ‘ನಿನ್ನ ಹತ್ರ ಎಷ್ಟು ಕ್ರೆಡಿಟ್ ಇದೆ?’ ಅಂತ ಮೊದಲು ಕೇಳ್ತೀವಿ.